ಗಾಜಿನಾಚೆಯ ಬೆರಳುಗಳು

“ನಮ್ಮಮ್ಮನ ಬೆರಳೆಲ್ಲಿ?”

ಬಾಗಿಲು ಕೂಡ ತಟ್ಟದೆ ಒಳಗೆ ನುಗ್ಗಿದ ಕ್ಯಾಮೆರಾಮನ್ ತನ್ನ ಮೊಬೈಲನ್ನು ವಿಡಿಯೋ ಎಡಿಟರ್ ಹುಡುಗಿಯ ಮುಖಕ್ಕೆ ಹಿಡಿದ.

ಅವಳು ಹೆಡ್‌ಫೋನ್ ತೆಗೆದು ನೋಡಿದಳು. ಮೊಬೈಲಿನಲ್ಲಿ ವಯಸ್ಸಾದ ಟೀಚರೊಬ್ಬರು ಸಂಜ್ಞೆಭಾಷೆಯಲ್ಲಿ ಪಾಠ ಹೇಳುತ್ತಿದ್ದರು. ಕೈ ವೇಗವಾಗಿ ಆಡಿದಾಗಲೆಲ್ಲ ಬೆರಳುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತಿದ್ದವು.

“ಅಮ್ಮನಿಗೆ ಕಿವಿ ಕೇಳಲ್ಲ. ಅವರ ಶಾಲೆ ಮಕ್ಕಳಿಗೂ ಕೇಳಲ್ಲ. ಬೆರಳು ಹೋದ್ರೆ ಮಾತೇ ಹೋಯ್ತಲ್ಲ ಮೇಡಂ!”

“ನೀವು ಸೆಕೆಂಡಿಗೆ ಐವತ್ತು ಫ್ರೇಮ್ ಶೂಟ್ ಮಾಡಿದ್ರಿ. ಎಕ್ಸ್‌ಪೋರ್ಟ್ ಆಗಿ ಹೊರಗೆ ಬಂದಿದ್ದು ಇಪ್ಪತ್ತೈದೇ. ಬಿಟ್‌ರೇಟ್, ಅಂದ್ರೆ ಚಿತ್ರದ ವಿವರ ಹಿಡಿಸೋ ಜಾಗ, ಬರೀ ಮೂರು.”

“ಗೊತ್ತಿದ್ದೂ ಹಾಳು ಮಾಡಿದ್ರಾ?”

ಅವಳ ಕೆನ್ನೆ ಬಿಸಿಯಾಯಿತು. “ಸ್ಟುಡಿಯೋ ನಮ್ಮ ಭಾವಂದು. ಸೆಟ್ಟಿಂಗೂ ಅವರದ್ದೇ. ಫೈಲ್ ಚಿಕ್ಕದಾದ್ರೆ ಬೇಗ ಅಪ್‌ಲೋಡ್ ಆಗುತ್ತೆ, ಅಷ್ಟೇ ಅವರಿಗೆ.”

ಆ ಕೋಣೆಗೆ ಕಿಟಕಿ ಇರಲಿಲ್ಲ. ಇದ್ದದ್ದು ದಪ್ಪ ಗಾಜಿನ ಗೋಡೆ. ಅದರಾಚೆ ಭಾವನ ಮೇಜು. ಶಬ್ದ ದಾಟುತ್ತಿರಲಿಲ್ಲ, ನೋಟ ದಾಟುತ್ತಿತ್ತು. ಕೆಳಗೆ ಸ್ಟುಡಿಯೋ, ಮೇಲೆ ಮನೆ, ನಡುವೆ ಹದಿನಾರು ಮೆಟ್ಟಿಲು. ಅಪ್ಪ ಅಮ್ಮ ಹೋದಮೇಲೆ ಅಕ್ಕ ಭಾವ ಅವಳನ್ನು ಸಾಕಿದ್ದರು. ಬೇರೆಡೆ ಕೆಲಸ ನೋಡುತ್ತೇನೆ ಎಂಬ ಮಾತು ಮೂರು ವರ್ಷದಿಂದ ಗಂಟಲಲ್ಲೇ ಇತ್ತು. ಬಾಯಿ ತೆರೆದರೆ ಸಾಕು, ಅಕ್ಕನದ್ದು ಒಂದೇ ಪ್ರಶ್ನೆ: “ನಿನಗೇನು ಕಡಿಮೆ ಮಾಡಿದ್ದೀವಿ ಪುಟ್ಟಿ?”

ಏನೂ ಕಡಿಮೆ ಮಾಡಿರಲಿಲ್ಲ... ಹೊರಗಿನ ಬೆಳಕೊಂದನ್ನು ಬಿಟ್ಟು.

ಭಾವ ಊಟಕ್ಕೆ ಮೇಲೆ ಹೋಗಿದ್ದರು. ಅವಳು ಮೊದಲ ಬಾರಿಗೆ ಭಾವನ ಸೆಟ್ಟಿಂಗ್ ಮುಟ್ಟಿದಳು. ಫ್ರೇಮ್ ಐವತ್ತು. ಬಿಟ್‌ರೇಟ್ ಹದಿನಾರು.

ಕ್ಯಾಮೆರಾಮನ್ ಸ್ಟೂಲ್ ಎಳೆದು ಕೂತ. “ಎಷ್ಟು ಸಲ ಗಾಜಿನಾಚೆ ನೋಡ್ತೀರಿ?”

“ಕಳ್ಳತನ ಅಭ್ಯಾಸ ಇಲ್ಲ.”

ಅವನು ನಕ್ಕ. ಅವಳಿಗೂ ನಗು ಬಂತು!

ಹೀಗೇ ಮೂರು ವಾರ, ಹನ್ನೊಂದು ಪಾಠ. ಅಂತರ್ಜಾಲಕ್ಕೆ ಅಪ್‌ಲೋಡ್ ಆದ ಕೂಡಲೇ ವಿಡಿಯೋ ಕಡಿಮೆ ಗುಣಮಟ್ಟದಲ್ಲಷ್ಟೇ ಕಾಣುತ್ತದೆ, ಸ್ಪಷ್ಟ ರೂಪ ಸಿದ್ಧವಾಗಲು ಹೊತ್ತು ಬೇಕು. ಅದು ಸಿದ್ಧವಾಗುವವರೆಗೆ ಕಾದು, ಆಮೇಲೇ ಅವಳು ಅವನಿಗೆ ಲಿಂಕ್ ಕಳಿಸುತ್ತಿದ್ದಳು. ಅವನಿಗೆ ಈ ಕಾಯುವಿಕೆಯ ಸುದ್ದಿಯೇ ಗೊತ್ತಿರಲಿಲ್ಲ. ಟೀಚರ ಕೈಗಳನ್ನು ಹಿಂದೆ ಮುಂದೆ ಓಡಿಸಿ ನೋಡುತ್ತ ಅವಳೂ ಆ ಭಾಷೆಯನ್ನು ಒಂದಿಷ್ಟು ಕಲಿತಿದ್ದಳು; ತಪ್ಪಿದ ಕಡೆ ಅವನೇ ತಿದ್ದುತ್ತಿದ್ದ.

ಹನ್ನೆರಡನೆಯದು ಕೊನೆಯ ಪಾಠ, 4ಕೆ ಎಂಬ ದೊಡ್ಡ ಗುಣಮಟ್ಟದಲ್ಲಿ ಶೂಟ್ ಆದದ್ದು, ಸಿದ್ಧವಾಗಲು ಇನ್ನೂ ಹೆಚ್ಚು ಹೊತ್ತು ಬೇಕಾದದ್ದು. ‘ಇದು ಮುಗಿದ್ರೆ ಅವರು ಬರಲ್ಲ...’ ಆ ಯೋಚನೆಯಲ್ಲೇ, ಅವನನ್ನು ಬೇಗ ನೋಡಬೇಕೆಂದು ಆತುರಪಟ್ಟಳು. ಕಾಯಲಿಲ್ಲ. ಲಿಂಕ್ ಕಳಿಸಿಬಿಟ್ಟಳು.

ಹತ್ತೇ ನಿಮಿಷಕ್ಕೆ ಅವನು ಬಾಗಿಲಲ್ಲಿದ್ದ. ಹಿಂದೆಯೇ ಭಾವ.

“ಮತ್ತೆ ಮಸುಕು! ಅಮ್ಮನ ಕೊನೆ ಪಾಠ ಇದು. ನಿಮಗೂ ಇದು ಬರೀ ಫೈಲಾ?”

‘ಸ್ವಲ್ಪ ಕಾಯಿರಿ, ಸ್ಪಷ್ಟ ಆಗುತ್ತೆ’ ಎಂಬ ಒಂದು ಮಾತು ಸಾಕಿತ್ತು. ಆದರೆ ಆ ಮಾತು ಹೇಳಿದರೆ ಹೇಗೆ ಸ್ಪಷ್ಟವಾಗುತ್ತದೆ ಎಂದು ಭಾವ ಕೇಳುತ್ತಾರೆ, ಮೂರು ವಾರದ ಕದ್ದ ಕೆಲಸವೂ ತಿಳಿಯುತ್ತದೆ. ಅವಳು ಕೀಬೋರ್ಡ್ ನೋಡುತ್ತ ಕೂತಳು.

ಅವನು ಒಂದು ಕ್ಷಣ ಕಾದ. ಹೊರಟುಹೋದ.

“ಹೋಗ್ಲಿ ಬಿಡಮ್ಮ, ತಲೆನೋವಿನ ಗಿರಾಕಿ,” ಎಂದರು ಭಾವ. ಬಾಗಿಲು ಮುಚ್ಚಿಕೊಂಡಿತು. ಅಂದು ಆ ಕೋಣೆ ಮೊದಲಿಗಿಂತ ಚಿಕ್ಕದಾಗಿ ಕಂಡಿತು.

ಮರುದಿನ ಬೆಳಿಗ್ಗೆ ಅವಳೇ ಭಾವನನ್ನು ಒಳಗೆ ಕರೆದಳು. ಪರದೆಯಲ್ಲಿ ಹನ್ನೆರಡನೇ ಪಾಠ ಓಡುತ್ತಿತ್ತು. ಉಗುರಿನ ಅಂಚು ಕೂಡ ಸ್ಪಷ್ಟ.

“ನಿಮ್ಮ ಸೆಟ್ಟಿಂಗ್ ಬದಲಾಯಿಸಿದ್ದು ನಾನೇ ಭಾವ. ಹನ್ನೆರಡು ಸಲ. ನಿನ್ನೆ ಹೆದರಿ ಸುಮ್ಮನಿದ್ದೆ.”

“ನನ್ನ ಬೆನ್ನ ಹಿಂದೆ?”

“ನಿಮ್ಮ ಋಣ ಮರೆಯಲ್ಲ. ಆದ್ರೆ... ನಾನು ಹೋಗ್ತೀನಿ. ಬೇರೆ ಕೆಲಸ ನೋಡ್ಕೋತೀನಿ.”

ಹೇಳಿಬಿಟ್ಟಿದ್ದಳು! ಭಾವ ಕುರ್ಚಿಗೆ ಕುಸಿದರು. “ನಿಮ್ಮಕ್ಕಂಗೆ ನೀನೇ ಹೇಳು. ನನ್ನ ಕೈಲಾಗಲ್ಲ,” ಎಂದು ಪರದೆಯನ್ನೇ ನೋಡಿದರು. ಪಾಠವನ್ನು ಹಿಂದಕ್ಕೆ ಓಡಿಸಿ ಮತ್ತೆ ನೋಡಿ, “ಚೆನ್ನಾಗಿ ಬಂದಿದೆ,” ಎಂದರು.

ಅವಳು ತಲೆ ಎತ್ತಿದಳು. ಗಾಜಿನಾಚೆ ಕ್ಯಾಮೆರಾಮನ್ ನಿಂತಿದ್ದ! ಕೂಗಿದರೂ ಕೇಳದು. ಅವನು ಅಮ್ಮನ ಭಾಷೆಯಲ್ಲಿ ಹೇಳಲು ಕೈ ಎತ್ತಿದ.

‘ತಪ್ಪು ನನ್ನದು. ವಿಡಿಯೋ ರಾತ್ರಿಯೇ ಸ್ಪಷ್ಟ ಆಯಿತಂತೆ. ಅಮ್ಮ ಬೈದರು.’

ಅವಳ ಬೆರಳುಗಳು ತಡವರಿಸುತ್ತ ಎದ್ದವು. ‘ಕಾಯಬೇಕಿತ್ತು.’

‘ಯಾರು?’

‘ಇಬ್ಬರೂ.’

ಇಬ್ಬರ ನಡುವೆ ಕೂತ ಭಾವ ಏನೂ ತಿಳಿಯದೆ ಕನ್ನಡಕ ಒರೆಸಿಕೊಂಡರು.

ಅವಳು ಎದ್ದು ಬಾಗಿಲು ತೆರೆದಳು. ಮೆಟ್ಟಿಲ ಕಡೆಯಿಂದ ಬೀಳುತ್ತಿದ್ದ ಬಿಸಿಲಲ್ಲಿ ಇಬ್ಬರೂ ಎದುರುಬದುರಾದರು. ಅವನು ಮತ್ತೆ ಕೈ ಎತ್ತಿದ. ತನ್ನನ್ನು ತೋರಿಸಿದ, ಅವಳನ್ನು ತೋರಿಸಿದ, ಕೈಯನ್ನು ಎದೆಗೊತ್ತಿಕೊಂಡ, ಮುಂದಿನದನ್ನು ಗಾಬರಿಯಲ್ಲಿ ಸರಸರನೆ ಮುಗಿಸಿಬಿಟ್ಟ.

“ಮಸುಕಾಯ್ತು,” ಎಂದಳು, ಕಣ್ಣು ತುಂಬಿಕೊಂಡು. “ಇನ್ನೊಂದ್ಸಲ ಹೇಳಿ.”

“ಅರ್ಥ ಆಗ್ಲಿಲ್ವಾ?”

“ಆಯ್ತು. ಆದ್ರೂ ಹೇಳಿ... ನಿಧಾನವಾಗಿ.”

ಅವನು ಹೇಳಿದ. ಒಂದೊಂದೇ ಬೆರಳು.