ಕಾಡುಬೆಕ್ಕಿನ ಕತ್ತು

“ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಕೈಲಿ ಕೋವಿ ಮಾಡಿಸ್ಕೊಂಡ್ರೆ ಇನ್ನೇನಾಗುತ್ತೆ? ಕತ್ತೆಗೆ ಲಾಳ ಹೊಡೆಯೋಕೂ ಇವನನ್ನ ಕರೀಬಾರದಿತ್ತು.”

ಎವರೆಟ್ ಥರ್ಲೊ ಇದನ್ನು ಹೇಳಿದ್ದು ಲಾಸ್ಟ್ ಫೋರ್ಕ್ ಊರಿನ ಶೂಟಿಂಗ್ ಕ್ಲಬ್ಬಿನ ಮೈದಾನದಲ್ಲಿ, ನಲವತ್ತು ಜನರ ಎದುರು. ಐದು ನಿಮಿಷದ ಕೆಳಗೆ ಸ್ಪರ್ಧೆಯ ನಡುವೆ ಆಮೊಸ್ ಟಟಲ್‌ನ ಕೋವಿ ಸಿಡಿದಿತ್ತು. ದನದ ಹಿಂಡಿನ ಒಡೆಯ ಟಟಲ್‌ನನ್ನು ಬಲಗಣ್ಣಿಗೆ ಟವೆಲು ಒತ್ತಿ ಟ್ರಕ್ಕಿನಲ್ಲಿ ಮಲಗಿಸಿ ಆಸ್ಪತ್ರೆಗೆ ಸಾಗಿಸಿದ್ದರು. ಆ ಕೋವಿಯ ನಳಿಗೆ ಕೊರೆದವನು, ಅದರ ತೋಟಾಗಳನ್ನು ತುಂಬಿದವನು ವೆಂಡೆಲ್ ಸ್ಟ್ರೌಡ್. ವಯಸ್ಸು ಇಪ್ಪತ್ತಾರು. ಥರ್ಲೊ ಗಣಿಯ ಇಂಜಿನಿಯರ್, ಕ್ಲಬ್ಬಿನ ಕಾರ್ಯದರ್ಶಿ. ವೆಂಡೆಲ್ ಮುಷ್ಟಿ ಬಿಗಿಹಿಡಿದು ನಿಂತಿದ್ದ. ಹೊಡೆದಿದ್ದರೆ ಹಗುರಾಗುತ್ತಿತ್ತು. ಆದರೆ ಅವನ ಕಣ್ಣ ಮುಂದೆ ಟಟಲ್‌ನ ಟವೆಲಿತ್ತು, ಅದು ಕೆಂಪಾಗುತ್ತಾ ಹೋದ ಬಗೆಯಿತ್ತು.

ಶೆರಿಫ್ ಬೀಲ್ ವೆಂಡೆಲ್‌ನ ಕೋವಿ ಅಂಗಡಿಯ ಬೀಗದ ಕೈ ಇಸಿದುಕೊಂಡು, ಗುರುವಾರದ ಗಡುವು ಕೊಟ್ಟ. ಅಷ್ಟರಲ್ಲಿ ಬೇರೆ ಕಾರಣ ಸಿಗದಿದ್ದರೆ ಅಂಗಡಿಗೆ ಶಾಶ್ವತ ಬೀಗ, ವೆಂಡೆಲ್ ಮೇಲೆ ಮೊಕದ್ದಮೆ. ವೆಂಡೆಲ್ ನೇರ ಕೆಸ್ಲರಮ್ಮನ ಮನೆಗೆ ನಡೆದ.

ಕೆಸ್ಲರಮ್ಮ ಮೂವತ್ತು ವರ್ಷ ಗಣಿಯ ಅದಿರು ಪರೀಕ್ಷೆಯ ಕೋಣೆಯಲ್ಲಿ ಕೂತು, ಕಲ್ಲಿನಲ್ಲಿ ಬೆಳ್ಳಿ ಎಷ್ಟಿದೆ, ಸುಳ್ಳು ಎಷ್ಟಿದೆ ಎಂದು ಹೇಳಿದವಳು. ಊರಲ್ಲಿ ಏನು ಕಳೆದರೂ ಏನು ಮುರಿದರೂ ಜನ ಅವಳ ಬಾಗಿಲಿಗೇ ಬರುತ್ತಿದ್ದರು. ಅವಳು ವೆಂಡೆಲ್‌ನ ಮುಂದೆ ಸೇಬಿನ ಪೈ ಇಟ್ಟು, ಅವನು ತಿನ್ನದಿದ್ದಾಗ ತಾನೇ ಎಳೆದುಕೊಂಡು ತಿಂದಳು.

“ನಿನ್ನದೇ ತಪ್ಪಿರಬಹುದಾ?” ಎಂದು ಕೇಳಿದಳು.

“ಇರಬಹುದು. ಅದನ್ನೇ ನೋಡಿ ಹೇಳಿ. ನಂದೇ ಅಂದ್ರೆ ನಾನೇ ಅಂಗಡಿ ಮುಚ್ತೀನಿ.”

“ಹಾಗಾದ್ರೆ ಏಳು. ಗಾಡಿ ನೀನೇ ಓಡಿಸು, ನನಗೆ ಮೊಣಕಾಲು ನೋವು.”

ಮೊದಲು ಹೋದದ್ದು ಆಸ್ಪತ್ರೆಗೆ. ಟಟಲ್‌ನ ಕಣ್ಣು ಹೋಗಿತ್ತು. ಅವನು ವೆಂಡೆಲ್‌ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿರುತ್ತಿತ್ತು. ಹನ್ನೊಂದು ಗುಂಡು ಎಂದಿನಂತೆಯೇ ಹೋದವು, ಹನ್ನೆರಡನೆಯದಕ್ಕೆ ತೋಟಾ ಒಳದೂಡುವ ಬೋಲ್ಟು ಸ್ವಲ್ಪ ಬಿಗಿಯಾಗಿ ಕೂತಿತು, ಸ್ಪರ್ಧೆಯ ಆತುರದಲ್ಲಿ ಒತ್ತಿ ಕೂರಿಸಿದೆ ಎಂದ. “ಬಿಗಿ,” ಎಂದು ಕೆಸ್ಲರಮ್ಮ ಮೆಲ್ಲಗೆ ಹೇಳಿಕೊಂಡಳು.

ಶೆರಿಫ್‌ನ ಕಚೇರಿಯಲ್ಲಿ ಸಿಡಿದ ಕೋವಿ, ಟಟಲ್‌ನ ತೋಟಾ ಪೆಟ್ಟಿಗೆ ಎರಡೂ ಇದ್ದವು. ಬೀಲ್ ಆಗಲೇ ಕೇಸು ಮುಗಿಸಿದವನ ಹಾಗೆ ಕೂತಿದ್ದ. ತೋಟಾಗಳ ಬುಡದಲ್ಲಿ ಸೈನ್ಯದ ಬಂದೂಕಿನ ಗುರುತಿದೆ, ಕೋವಿಯ ನಳಿಗೆಯ ಮೇಲೆ ‘ಸ್ಟ್ರೌಡ್’ ಅಂತಿದೆ, ಅಂದಮೇಲೆ ತಪ್ಪು ತೋಟಾ ಕೊಟ್ಟಿದ್ದಾನೆ ಎಂದ. ವೆಂಡೆಲ್‌ಗೆ ಆ ದುಃಖದಲ್ಲೂ ನಗು ಬಂತು. ಕಂಪನಿಯಲ್ಲಿ ಹುಟ್ಟದೆ ಯಾರದೋ ಮನೆಯ ಶೆಡ್ಡಿನಲ್ಲಿ ಹುಟ್ಟಿದ ತೋಟಾಕ್ಕೆ ಆ ಕಡೆಯವರು ಕಾಡುಬೆಕ್ಕು ಎನ್ನುತ್ತಾರೆ. ಸೈನ್ಯದ ಹಿತ್ತಾಳೆ ಚಿಪ್ಪು ತಂದು, ಅಚ್ಚಿನಲ್ಲಿ ಒತ್ತಿ ಗುಂಡು ಕೂರುವ ಕತ್ತನ್ನು ಸಣ್ಣ ಮಾಡಿ, ಮೈಗೆ ಹೊಸ ಆಕಾರ ಕೊಡುತ್ತಾರೆ. ಬುಡದ ಗುರುತು ಹಳೆಯದೇ ಉಳಿಯುತ್ತದೆ. ಹೊಸ ಹೆಸರು ಇರುವುದು ನಳಿಗೆಯ ಮೇಲೆ ಮಾತ್ರ.

“ಅಂದ್ರೆ ಬುಡ ನೋಡಿದ್ರೆ ಯಾರು ಮಾಡಿದ್ದು ಅಂತ ಗೊತ್ತಾಗಲ್ಲ,” ಎಂದಳು ಕೆಸ್ಲರಮ್ಮ.

“ಗೊತ್ತಾಗಲ್ಲ.”

ಅವಳು ಉಳಿದ ತೋಟಾಗಳನ್ನು ಒಂದೊಂದಾಗಿ ತೆಗೆದು, ಮೈಮೇಲೆ ಹೆಬ್ಬೆರಳಿನ ಉಗುರು ಎಳೆಯುತ್ತಾ ಹೋದಳು. ಐದನ್ನು ಬೇರೆ ಇಟ್ಟಳು. ಆಮೇಲೆ ಸಿಡಿದ ಕೋವಿಯೊಳಗೆ ಸಿಕ್ಕಿದ್ದ ಹರಿದ ಚಿಪ್ಪಿನ ಮೇಲೂ ಉಗುರು ಎಳೆದಳು.

“ನೀನೂ ಮುಟ್ಟಿ ನೋಡು.”

ವೆಂಡೆಲ್ ಮುಟ್ಟಿದ. ಮೈಯ ಸುತ್ತ ಕೂದಲೆಳೆಯಷ್ಟು ಉಬ್ಬಿದ ಒಂದು ಗೆರೆ. ಆ ಗೆರೆ ಅವನಿಗೆ ಗೊತ್ತಿತ್ತು. ಹಿತ್ತಾಳೆ ಮೆತ್ತಗಿನ ಲೋಹ. ಗುಂಡು ಹಾರಿಸಿದಾಗ ಅದು ಊದಿಕೊಂಡು, ನಳಿಗೆಯ ಬುಡದಲ್ಲಿ ತಾನು ಕೂತ ಗೂಡಿನ ಗೋಡೆಯ ಅಚ್ಚನ್ನು ಮೈಮೇಲೆ ಒತ್ತಿಸಿಕೊಳ್ಳುತ್ತದೆ. ಆ ಗೂಡನ್ನು ಕೊರೆಯುವುದು ರೀಮರ್ ಎಂಬ ಉಕ್ಕಿನ ಹತಾರ. ಮಾರ್ಚ್‌ನಲ್ಲಿ ವೆಂಡೆಲ್‌ನ ರೀಮರ್ ಕೈಜಾರಿ ನೆಲಕ್ಕೆ ಬಿದ್ದು, ಅದರ ಒಂದು ಅಲಗಿನ ಮೇಲೆ ಚೂಪಾದ ಚೂರು ಎದ್ದಿತ್ತು. ಆ ಚೂರಿನಿಂದ ಕೊರೆದ ಗೂಡಿನಲ್ಲಿ ಗೀರು ಬೀಳುತ್ತದೆ, ಗೀರು ಬಿದ್ದ ಗೂಡಿನ ಚಿಪ್ಪಿಗೆ ಗೆರೆ ಏಳುತ್ತದೆ.

“ಟಟಲ್‌ನ ಗೂಡು ಕೊರೆದದ್ದು ಯಾವಾಗ?”

“ಜನವರೀಲಿ. ಆಗ ರೀಮರ್ ಚೆನ್ನಾಗಿತ್ತು. ಈ ಪೆಟ್ಟಿಗೇಲಿ ಇರಬೇಕಾದ ಚಿಪ್ಪೆಲ್ಲ ಅವನ ಕೋವೀಲೇ ಒಂದ್ಸಲ ಹಾರಿದ್ದು. ಒಂದಕ್ಕೂ ಗೆರೆ ಇರಬಾರದು.”

“ಹಾಗಾದ್ರೆ ಆರು ತೋಟಾ ನಿನ್ನದಲ್ಲ. ಬಿದ್ದ ಮೇಲೆ ರೀಮರ್ ಎಲ್ಲಿ ಹೋಗಿತ್ತು?”

ಗಣಿಯ ಲೇಥ್ ಶೆಡ್ಡಿನ ಮರ್ಲ್ ಗ್ಯಾಡಿಸ್‌ನಿಂದ ಉಜ್ಜಿಸಿ ತರಲು ಥರ್ಲೊನ ಕೈಲಿ ಕೊಟ್ಟಿದ್ದೆ ಎಂದ ವೆಂಡೆಲ್. ಎಂಟು ದಿನದ ಮೇಲೆ ನುಣ್ಣಗಾಗಿ ವಾಪಸು ಬಂದಿತ್ತು. ಗೆರೆ ಬೀಳಿಸುವ ಗೂಡು ಹುಟ್ಟಬಹುದಾಗಿದ್ದದ್ದು ಆ ಎಂಟು ದಿನಗಳಲ್ಲಿ ಮಾತ್ರ. ಕೇಳಿದರೆ ಥರ್ಲೊ, ಅವತ್ತೇ ಸಂಜೆ ಗ್ಯಾಡಿಸ್‌ಗೆ ಕೊಟ್ಟೆ ಎಂದ. ಗ್ಯಾಡಿಸ್, ತನ್ನ ಕೈಗೆ ಬಂದದ್ದು ಏಳನೇ ದಿನ ಎಂದ. ಇಬ್ಬರಿಗೂ ಸಾಕ್ಷಿ ಇರಲಿಲ್ಲ. ಸ್ಪರ್ಧೆಯ ಬೆಳಿಗ್ಗೆ ತೋಟಾ ಪೆಟ್ಟಿಗೆಗಳಿದ್ದ ಮೇಜಿನ ಬಳಿ ಇಬ್ಬರೂ ಒಂದು ಗಂಟೆ ಇದ್ದರು: ಒಬ್ಬ ಹೆಸರು ಬರೆಯುತ್ತಾ, ಇನ್ನೊಬ್ಬ ಕೋವಿ ತಪಾಸಣೆ ಮಾಡುತ್ತಾ.

ಗ್ಯಾಡಿಸ್‌ಗೂ ವೆಂಡೆಲ್‌ಗೂ ಎರಡು ವರ್ಷದಿಂದ ಮಾತಿಲ್ಲ. ಗ್ಯಾಡಿಸ್‌ನೇ ಇರಬೇಕು ಎಂದು ವೆಂಡೆಲ್ ಗಾಡಿಯ ಸ್ಟೀರಿಂಗ್ ಚಕ್ರಕ್ಕೆ ಗುದ್ದಿದ.

“ಚಕ್ರ ಏನು ಮಾಡಿತ್ತು ನಿನಗೆ?” ಎಂದಳು ಕೆಸ್ಲರಮ್ಮ. “ಆ ತೋಟಾದ ನಕ್ಷೆ ಇದೆಯಾ?”

ಇತ್ತು. ವೆಂಡೆಲ್ ಕಿರಾಣಿ ಅಂಗಡಿಯ ಕಾಗದದ ಮೇಲೆ ಗೀಚಿದ್ದನ್ನು ಥರ್ಲೊ ಕ್ಲಬ್ಬಿಗಾಗಿ ಅಂದವಾಗಿ ಬರೆದು ಗೋಡೆಗೆ ಹಚ್ಚಿದ್ದ. ಕೆಸ್ಲರಮ್ಮ ಅದನ್ನು ಓದಿ, ಮೈಕ್ರೊಮೀಟರ್ ತರಿಸಿ, ಗೆರೆಯಿದ್ದ ಐದು ತೋಟಾಗಳ ಕತ್ತನ್ನು ಅಳೆದಳು. ವೆಂಡೆಲ್‌ನವುಗಳಿಗಿಂತ ಐದೂ ದಪ್ಪಗಿದ್ದವು.

ಗುರುವಾರ ಬೆಳಿಗ್ಗೆ ಕ್ಲಬ್ಬಿನ ಶೆಡ್ಡಿನಲ್ಲಿ ಎಲ್ಲರೂ ಸೇರಿದರು. ಶೆರಿಫ್‌ಗೆ ಮಾದರಿಗೆ ಎರಡು ಚಿಪ್ಪು ಬೇಕು, ವೆಂಡೆಲ್ ಮಾಡಿದರೆ ನಂಬುವವರಿಲ್ಲ, ನೀವಿಬ್ಬರೂ ಒಂದೊಂದು ಮಾಡಿಕೊಡಿ ಎಂದು ಕೆಸ್ಲರಮ್ಮ ಥರ್ಲೊ ಮತ್ತು ಗ್ಯಾಡಿಸ್‌ಗೆ ಹೇಳಿದಳು. ಒಬ್ಬೊಬ್ಬರಿಗೆ ಒಂದು ಸೈನ್ಯದ ಚಿಪ್ಪು. ಅಚ್ಚು ಅಲ್ಲೇ ಇತ್ತು, ನಕ್ಷೆ ಗೋಡೆಯ ಮೇಲಿತ್ತು.

ಥರ್ಲೊ ಹತ್ತು ನಿಮಿಷದಲ್ಲಿ ಮುಗಿಸಿ, ಮೇಜಿನ ಮೇಲೆ ಇಟ್ಟ. “ಅಳೆದು ನೋಡಿ. ನಕ್ಷೇಲಿ ಇರೋ ಅಳತೆ ಒಂದೂ ತಪ್ಪಿಲ್ಲ.”

ಗ್ಯಾಡಿಸ್ ಅಚ್ಚಿನಿಂದ ಚಿಪ್ಪು ತೆಗೆದ, ಕತ್ತನ್ನು ಬೆರಳಲ್ಲಿ ಹೊರಳಿಸಿದ, ಯಾರೂ ಹೇಳದೆ ಲೇಥ್ ಬಳಿ ಹೋಗಿ ಕತ್ತಿನ ಹೊರಮೈಯಿಂದ ತೆಳುವಾದ ಒಂದು ಪದರ ಕೆತ್ತಿದ. ಹಿತ್ತಾಳೆ ಎಳೆಗಳು ಅವನ ಶೂ ಮೇಲೆ ಉದುರಿದವು. ವೆಂಡೆಲ್ ಅದನ್ನು ನೋಡಿದ, ತಕ್ಷಣ ಎಲ್ಲವೂ ತಿಳಿಯಿತು. ನಾಚಿಕೆಯೂ ಆಯಿತು.

“ನಕ್ಷೇಲಿ ಇರೋದು ಕತ್ತಿನ ಒಳ ಅಳತೆ ಮಾತ್ರ, ಕೆತ್ತೋ ಮಾತಿಲ್ಲವಲ್ಲ ಗ್ಯಾಡಿಸ್, ಯಾಕೆ ಕೆತ್ತಿದೆ?” ಎಂದು ಕೆಸ್ಲರಮ್ಮ ಕೇಳಿದಳು.

“ಅದನ್ನೂ ಬರೀಬೇಕಾ ಅಮ್ಮಾ? ದೊಡ್ಡ ಕತ್ತನ್ನ ಹಿಸುಕಿ ಸಣ್ಣ ಮಾಡಿದ್ರೆ ಗೋಡೆ ದಪ್ಪ ಆಗುತ್ತೆ. ಕೆತ್ತದೇ ಬಿಟ್ರೆ ಗೂಡಲ್ಲಿ ಕತ್ತು ಹಿಗ್ಗಿ ಗುಂಡನ್ನ ಬಿಡೋಕೆ ಜಾಗ ಸಿಗಲ್ಲ. ನಮ್ಮಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ.”

“ಒಬ್ಬರನ್ನ ಬಿಟ್ಟು.”

ಅವಳು ಎರಡೂ ಚಿಪ್ಪುಗಳ ಕತ್ತು ಅಳೆದು ಶೆರಿಫ್‌ಗೆ ತೋರಿಸಿದಳು. ಥರ್ಲೊನದು ಪೆಟ್ಟಿಗೆಯ ಆ ಐದರಷ್ಟೇ ದಪ್ಪವಿತ್ತು. ನಂತರ ಅವಳು ಇಡೀ ವಿಷಯವನ್ನು ಅದಿರಿನ ವರದಿ ಓದುವ ದನಿಯಲ್ಲಿ ಬಿಡಿಸಿಟ್ಟಳು. ಬೋಲ್ಟು ಬಿಗಿಯಾಗಿ ಕೂತಿದ್ದು ಕತ್ತು ದಪ್ಪಗಿದ್ದುದರಿಂದ. ಕತ್ತು ಹಿಗ್ಗಲು ಎಡೆಯಿಲ್ಲದೆ ಗುಂಡನ್ನು ಹಿಡಿದುಕೊಂಡಿತು, ಮದ್ದಿನ ಒತ್ತಡ ಹಿಂದಕ್ಕೆ ಒಡೆಯಿತು. ಮೈಮೇಲಿನ ಗೆರೆ ಹೇಳುವುದು, ಈ ಆರೂ ಚಿಪ್ಪು ಆ ಎಂಟು ದಿನಗಳಲ್ಲಿ ಕೊರೆದ ಕಳ್ಳಗೂಡಿನಲ್ಲಿ ಒಂದು ಸಲ ಹಾರಿದವು ಎಂದು. ಹೊಸ ಚಿಪ್ಪಿಗೆ ಆಕಾರ ಬರಿಸಲು ಮೊದಲ ಸಲ ಮದ್ದು ಕಡಿಮೆ ಹಾಕುವುದು ವಾಡಿಕೆ, ಅದಕ್ಕೇ ಆ ಕಳ್ಳಗೂಡಿನ ಕೋವಿ ಸಿಡಿಯದೆ ಉಳಿಯಿತು. ರೀಮರ್ ಮುಟ್ಟಿದವರು ಇಬ್ಬರು. ಅವರಲ್ಲಿ ಕತ್ತು ಕೆತ್ತದವನು ಒಬ್ಬನೇ.

“ಕೊಲ್ಲೋಕೆ ಮಾಡಿದ್ದಲ್ಲ ಇದು,” ಎಂದಳು. “ಕೊಲ್ಲೋಕೆ ಒಂದು ಸಾಕಿತ್ತು. ಆರು ತೋಟಾ ಕದ್ದದ್ದು, ಲೆಕ್ಕ ಸರಿಯಿರಲಿ ಅಂತ ಆರು ನಕಲಿ ಇಟ್ಟದ್ದು. ಶರತ್ಕಾಲಕ್ಕೆ ತೋಟಾ ಕಂಪನಿಯವರು ಬರ್ತಾರೆ, ಒಂದು ಕಾಡುಬೆಕ್ಕನ್ನ ಆರಿಸಿ, ಮಾಡಿದವನಿಗೆ ದುಡ್ಡು ಕೊಟ್ಟು ಕೊಳ್ತಾರೆ. ಆಕಾರ ನಿಮ್ಮ ಹತ್ರ ಇತ್ತು ಥರ್ಲೊ. ಒಳಗೆ ಯಾವ ಮದ್ದು, ಎಷ್ಟು, ಅದು ಗೊತ್ತಿರಲಿಲ್ಲ. ಈ ಹುಡುಗ ಯಾರಿಗೂ ಹೇಳೋನಲ್ಲ. ಬಿಚ್ಚಿ ನೋಡಬೇಕಿತ್ತು. ಕೋವಿ ಸಿಡಿದಾಗ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಬೈದಿರಿ. ನಾನು ಹೇಳಿದ್ದು ತಪ್ಪಾಗಿದ್ರೆ ನಿಮ್ಮ ಮನೇಲಿರೋ ಕೋವಿ ತರಿಸಿ, ಶೆರಿಫ್ ಒಂದು ಗುಂಡು ಹಾರಿಸಲಿ. ಚಿಪ್ಪಿನ ಮೇಲೆ ಗೆರೆ ಬರದಿದ್ರೆ ನಿಮ್ಮ ಕ್ಷಮೆ ಕೇಳ್ತೀನಿ.”

ಥರ್ಲೊ ತನ್ನ ಚಿಪ್ಪನ್ನೇ ನೋಡುತ್ತಾ ಕೂತ. ಗ್ಯಾಡಿಸ್ ಶೂ ಮೇಲಿನ ಹಿತ್ತಾಳೆ ಎಳೆಗಳನ್ನು ಕೊಡವಿದ.

“ಕೋವಿ ತರಿಸೋದು ಬೇಡ,” ಎಂದ ಥರ್ಲೊ ಕೊನೆಗೆ. “ಸಿಡಿಯುತ್ತೆ ಅಂತ ನನಗೆ ಗೊತ್ತಿರಲಿಲ್ಲ.”

ಬೀಲ್ ಎದ್ದು ಅವನ ಪಕ್ಕಕ್ಕೆ ಬಂದು ನಿಂತ. ಅಂಗಡಿಯ ಬೀಗದ ಕೈಯನ್ನು ಜೇಬಿನಿಂದ ತೆಗೆದು ವೆಂಡೆಲ್‌ನ ಮುಂದೆ ಮೇಜಿನ ಮೇಲಿಟ್ಟ. ವೆಂಡೆಲ್ ಅದನ್ನು ಎತ್ತಿಕೊಂಡ. ಗ್ಯಾಡಿಸ್‌ನ ಹತ್ತಿರ ಹೋಗಿ, ಅವನು ಕೆತ್ತಿದ ಚಿಪ್ಪನ್ನು ಕೈಗೆ ತೆಗೆದುಕೊಂಡು ಕತ್ತಿನ ಮೇಲೆ ಬೆರಳಾಡಿಸಿದ. “ಚೆನ್ನಾಗಿದೆ,” ಎಂದ. ಎರಡು ವರ್ಷದಲ್ಲಿ ಅವರಿಬ್ಬರ ನಡುವೆ ಅದೇ ಮೊದಲ ಮಾತು.

ಬಾಗಿಲ ಹತ್ತಿರ ತಲುಪಿದಾಗ ಹಿಂದಿನಿಂದ ಥರ್ಲೊನ ದನಿ ಕೇಳಿಸಿತು. ಅದರಲ್ಲಿ ಮೊದಲಿನ ಸೊಕ್ಕಿರಲಿಲ್ಲ, ಆದರೆ ಮುಳ್ಳಿತ್ತು.

“ಕತ್ತು ಕೆತ್ತಬೇಕು ಅಂತ ನಕ್ಷೇಲಿ ಒಂದು ಸಾಲು ಬರೆದಿದ್ರೆ ಟಟಲ್‌ನ ಕಣ್ಣು ಉಳೀತಿತ್ತು, ಸ್ಟ್ರೌಡ್. ಯಾಕೆ ಬರೀಲಿಲ್ಲ?”

ವೆಂಡೆಲ್ ನಿಂತ. ಕಿರಾಣಿ ಅಂಗಡಿಯ ಆ ಕಾಗದ ನೆನಪಾಯಿತು. ಅದರ ಬುಡದಲ್ಲಿ ಬೇಕಾದಷ್ಟು ಜಾಗ ಖಾಲಿಯಿತ್ತು. ಅಕ್ಷರ ತಪ್ಪಾದರೆ ಇಂಜಿನಿಯರ್ ನಗುತ್ತಾನೆಂದು ಅವತ್ತು ಅವನು ಅಂಕಿಗಳನ್ನು ಮಾತ್ರ ಬರೆದಿದ್ದ, ಒಂದು ಪದವನ್ನೂ ಬರೆದಿರಲಿಲ್ಲ. ಕೆಸ್ಲರಮ್ಮ ಅವನ ಮುಖವನ್ನೇ ನೋಡುತ್ತಿದ್ದಳು.

ಅವನು ಹಿಂತಿರುಗಿ ನೋಡಲಿಲ್ಲ. ಬೀಗದ ಕೈ ಜೇಬಿಗಿಳಿಸಿ, ಬಿಸಿಲಿಗೆ ಇಳಿದು, ಟಟಲ್ ಇದ್ದ ಆಸ್ಪತ್ರೆಯ ರಸ್ತೆ ಹಿಡಿದು ನಡೆದ.