ಕೆಂಪು ತಂತಿ, ಕಪ್ಪು ತಂತಿ

ನಮ್ಮಿಬ್ಬರ ಮೊದಲ ಜಗಳ ಒಂದು ತೂತಿನ ವಿಷಯಕ್ಕೆ.

ಮಂಡಿನೋವಿನ ಅಪ್ಪನಿಗೆ ಥಿಯೇಟರಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಹಾಗಾದರೆ ಥಿಯೇಟರನ್ನೇ ಮನೆಗೆ ತರುತ್ತೇನೆಂದು ನಾನು ಜಂಭ ಕೊಚ್ಚಿಕೊಂಡಿದ್ದೆ. ಮೈಕ್‌ಸೆಟ್ ರಿಪೇರಿ ನನ್ನ ಕಸುಬು, ಐದು ಸ್ಪೀಕರ್ ಜೋಡಿಸುವುದು ಯಾವ ಮಹಾ ಕೆಲಸ? ಮುಂದೆ ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು, ಬೆನ್ನ ಹಿಂದೆ ಎರಡು. ಅವಕ್ಕೆ ಮರದ ಡಬ್ಬಿ ಮಾಡಿಕೊಡಲು ಮಾತ್ರ ಬಡಗಿ ಬೇಕಿತ್ತು. ಪಕ್ಕದ ಬೀದಿಯ ಮರಗೆಲಸದ ಅಂಗಡಿಯಲ್ಲಿ ಒಬ್ಬನಿದ್ದ. ಕಿವಿಯ ಮೇಲೆ ಪೆನ್ಸಿಲ್, ಸೊಂಟದಲ್ಲಿ ಟೇಪು. ಎಲ್ಲರೂ ಅವನನ್ನು ಮಿಲಿಮೀಟರ್ ಎಂದೇ ಕರೆಯುತ್ತಿದ್ದರು.

ಅವನು ತಂದ ಮೊದಲ ಡಬ್ಬಿಗೆ ನಾನು ದಪ್ಪ ಸದ್ದು ಹೊರಡಿಸುವ ವೂಫರನ್ನು ಕೂರಿಸಲು ಹೋದೆ. ಅದು ದಡಕ್ಕನೆ ಡಬ್ಬಿಯೊಳಗೆ ಬಿದ್ದೇಹೋಯಿತು.

"ಇದೇನ್ರೀ ಇದು? ತೂತು ಕೊರೀರಿ ಅಂದ್ರೆ ಬಾವಿ ತೋಡಿದ್ದೀರಲ್ಲ!"

ಅವನು ಟೇಪು ಎಳೆದು ತೋರಿಸಿದ. "ನೀವು ಹೇಳಿದ ಅಳತೆನೇ ಮೇಡಂ. ಕೂದಲೆಳೆಯಷ್ಟೂ ಆಚೀಚೆ ಇಲ್ಲ."

ಸರಿಯಾಗಿಯೇ ಇತ್ತು. ವೂಫರಿನ ಒಳಸುತ್ತಿನ ಅಳತೆ ಹೇಳುವ ಬದಲು ನಾನೇ ಹೊರಗಿನ ಅಂಚಿನ ಅಳತೆ ಹೇಳಿದ್ದೆ. ಆದರೂ ಸೋಲೊಪ್ಪುವ ಜಾಯಮಾನ ನನ್ನದಲ್ಲ.

"ಹೇಳಿದ್ದನ್ನ ಹೇಳಿದ ಹಾಗೇ ಮಾಡಿಬಿಡೋದಾ? ಸ್ವಲ್ಪ ತಲೆ ಓಡಿಸಬಾರದಾ?"

"ನಿಮ್ಮ ತಲೆ ಅಷ್ಟು ಜೋರಾಗಿ ಓಡ್ತಿತ್ತಲ್ಲ, ಅಡ್ಡ ಬರೋದು ಬೇಡ ಅಂದ್ಕೊಂಡೆ."

ಸೋಫಾದಲ್ಲಿದ್ದ ಅಪ್ಪ ಮಂಡಿ ಹಿಡಿದುಕೊಂಡು ನಕ್ಕರು. ನಾನು ಮೂತಿ ತಿರುಗಿಸಿದೆ. ಮರುದಿನ ಅವನು ಆ ತೂತಿಗೆ ಸರಿಯಾಗಿ ಕೂರುವಂಥ ಮರದ ಬಳೆಯೊಂದನ್ನು ಮಾಡಿ ತಂದ. ಮರಳುಕಾಗದದಲ್ಲಿ ತಿಕ್ಕಿ ತಿಕ್ಕಿ ಎಷ್ಟು ನುಣುಪು ಮಾಡಿದ್ದನೆಂದರೆ, ಅದನ್ನು ಸ್ಪೀಕರಿಗೆ ಹಾಕಲು ಮನಸ್ಸೇ ಬರಲಿಲ್ಲ. ಬೈಯಲು ಏನೂ ಸಿಗದೆ "ಪರವಾಗಿಲ್ಲ" ಎಂದೆ.

ಅಲ್ಲಿಂದ ಮುಂದೆ ಸಂಜೆಯಾದರೆ ಸಾಕು, ಅಂಗಡಿ ಮುಚ್ಚಿ ನಮ್ಮ ಮನೆಗೆ ಬಂದುಬಿಡುತ್ತಿದ್ದ. ಹಾಲ್ ತುಂಬ ಮರದ ಪುಡಿ. ಅಮ್ಮ ಗುಡಿಸುತ್ತ ಗೊಣಗುತ್ತಿದ್ದಳು, ಗೊಣಗುತ್ತಲೇ ಅವನಿಗೂ ಒಂದು ಲೋಟ ಟೀ ಇಡುತ್ತಿದ್ದಳು.

"ಈ ಕ್ರಾಸ್‌ಓವರ್ ಅಂದ್ರೇನು?" ಎಂದು ಒಮ್ಮೆ ಕೇಳಿದ.

"ಮನೆ ಯಜಮಾನಿ ಇದ್ದ ಹಾಗೆ. ದಪ್ಪ ಸದ್ದನ್ನೆಲ್ಲ ವೂಫರಿಗೆ ಕಳಿಸುತ್ತೆ, ಸಣ್ಣ ಸದ್ದನ್ನೆಲ್ಲ ಈ ಪುಟ್ಟ ಟ್ವೀಟರಿಗೆ. ಇದಿಲ್ಲದಿದ್ರೆ ಟ್ವೀಟರ್ ಪಾಪ, ಹೊರಲಾರದ್ದನ್ನ ಹೊತ್ತು ಸುಟ್ಟುಹೋಗುತ್ತೆ."

"ಅಂದ್ರೆ ಜೋರು ಹೆಂಗಸು."

"ಯಾರು?"

"ಕ್ರಾಸ್‌ಓವರ್," ಎಂದ. ಕಣ್ಣು ಮಾತ್ರ ನನ್ನ ಮೇಲಿತ್ತು.

ಕ್ರಾಸ್‌ಓವರಿಗೆ ತಾಮ್ರದ ತಂತಿಯ ಸುರುಳಿ ಬೇಕು. ಅವನು ತಂತಿಯ ಉರುಳೆ ಹಿಡಿದು ಹಾಲಿನ ಆ ತುದಿಯಲ್ಲಿ ಕೂತ, ನಾನು ಈ ತುದಿಯಲ್ಲಿ ಸುತ್ತುತ್ತ ಕೂತೆ. ತಂತಿ ಬಿಗಿಯಾಗಿಯೂ ಇರಬೇಕು, ತುಂಡಾಗಲೂಬಾರದು. ಅವನ ಕೈ ಎಷ್ಟು ಬಿಡಬೇಕೋ ಅಷ್ಟೇ ಬಿಡುತ್ತಿತ್ತು. ನಾನು ತಲೆ ತಗ್ಗಿಸಿದಾಗ ನನ್ನನ್ನೇ ನೋಡುತ್ತಿದ್ದ, ತಲೆ ಎತ್ತಿದರೆ ಫ್ಯಾನ್ ನೋಡುತ್ತಿದ್ದ. ನಿಂತಿದ್ದ ಫ್ಯಾನಿನಲ್ಲಿ ನೋಡುವುದೇನಿರುತ್ತದೋ! ಸುತ್ತುಗಳ ಲೆಕ್ಕ ತಪ್ಪಿಹೋಯಿತು.

"ಎಷ್ಟಾಯ್ತು?" ಎಂದೆ.

"ನೀವು ಎಣಿಸ್ತಿರಲಿಲ್ವಾ?"

"ನೀವು ಎಣಿಸ್ತಿದ್ದೀರಾ ಅಂದ್ಕೊಂಡಿದ್ದೆ."

"ನನ್ನ ಗಮನ ಬೇರೆ ಕಡೆ ಇತ್ತು."

ಎಲ್ಲ ಬಿಚ್ಚಿ ಮೊದಲಿನಿಂದ ಸುತ್ತಿದೆವು. ನನಗೇನೂ ಬೇಜಾರಾಗಲಿಲ್ಲ.

ಇನ್ನೊಂದು ಸಂಜೆ ಗೋಡೆ ಗಡಿಯಾರದ ಸೆಲ್ಲು ತೆಗೆದು, ತಂತಿಗಳಿಂದ ವೂಫರಿಗೆ ತಾಗಿಸಿ ತೋರಿಸಿದೆ. "ಈ ಕಾಗದದ ಕೋನ್ ಮೇಲೆ ಬೆರಳಿಡಿ."

ನಮ್ಮಿಬ್ಬರ ಬೆರಳ ಕೆಳಗೆ ಕೋನ್ ಪುಟಕ್ಕನೆ ಹೊರಗೆ ಬಂತು. ಸೆಲ್ಲು ತಿರುಗಿಸಿ ತಾಗಿಸಿದೆ, ಒಳಗೆ ಸರಿಯಿತು.

"ಉಸಿರಾಡ್ತಿದೆ," ಎಂದ ಮೆಲ್ಲಗೆ.

"ಅದಕ್ಕೇ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಎರಡು ಸ್ಪೀಕರ್‌ನಲ್ಲಿ ಒಂದರ ತಂತಿ ತಿರುಗಿತು ಅಂದ್ಕೊಳ್ಳಿ, ಅದು ಹೊರಗೆ ಬರೋವಾಗ ಇದು ಒಳಗೆ ಹೋಗುತ್ತೆ. ದಪ್ಪ ಸದ್ದು ಸತ್ತೇಹೋಗುತ್ತೆ, ನಡುವೆ ಕೇಳಬೇಕಾದ ಹಾಡು ಎಲ್ಲಿದೆ ಅಂತಾನೇ ಗೊತ್ತಾಗಲ್ಲ."

"ಒಂದು ತಿರುಗಿದ್ರೆ ಸಾಕಾ?"

"ಸಾಕು. ಆಮೇಲೆ ಎಲ್ಲ ಬಿಚ್ಚಿ ಹುಡುಕ್ತಾ ಕೂರಬೇಕು."

ಅವನು ಗಂಭೀರವಾಗಿ ತಲೆಯಾಡಿಸಿದ. ಬೆರಳನ್ನು ಮಾತ್ರ ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ.

ಡಬ್ಬಿಗಳಿಗೆ ಪಾಲಿಶ್ ಹಾಕುವ ದಿನ ಅವನ ಮುಖ ಸಪ್ಪಗಿತ್ತು. "ದೂರದ ಊರಲ್ಲಿ ಹೋಟೆಲ್ ಒಂದು ಕಟ್ತಿದ್ದಾರೆ. ಬಾಗಿಲು, ಮಂಚ, ಬೀರು, ಎಲ್ಲ ನಮ್ಮ ಅಂಗಡಿಗೇ ಸಿಕ್ಕಿದೆ. ಓನರ್ ನನ್ನನ್ನ ಹೋಗು ಅಂತಿದ್ದಾರೆ."

"ಯಾವಾಗ?"

"ನಿಮ್ಮ ಕೆಲಸ ಮುಗಿದ ಕೂಡಲೇ. ಕೈಲಿರೋದನ್ನ ಅರ್ಧಕ್ಕೆ ಬಿಟ್ಟು ಹೋಗಲ್ಲ ಅಂದಿದ್ದೀನಿ."

"ವಾಪಸ್ಸು?"

"ಅಲ್ಲೇ ಇನ್ನೊಂದು ಅಂಗಡಿ ತೆಗೆಯೋ ಯೋಚನೆ ಇದೆಯಂತೆ. ಗೊತ್ತಿಲ್ಲ."

"ಒಳ್ಳೇದಾಯ್ತಲ್ಲ," ಎಂದೆ.

ಒಳ್ಳೆಯದೇನೂ ಆಗಿರಲಿಲ್ಲ. ನನಗೆ ಅವನು ಬೇಕಾಗಿದ್ದ, ಅಷ್ಟೇ ವಿಷಯ. ಊರಿನ ಮೈಕುಗಳಿಗೆಲ್ಲ ದನಿ ಬರಿಸುವ ನನಗೆ ಈ ಒಂದು ಮಾತು ಗಂಟಲಿನಿಂದ ಮೇಲೆ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಮೊದಲ ಹಾಡು ಎಂದು ಅಪ್ಪ ಘೋಷಿಸಿದ್ದರು. ಬೆಳಿಗ್ಗೆ, ಅವನು ಬರುವ ಮೊದಲೇ, ನಾನು ಬಲಗಡೆಯ ಡಬ್ಬಿಯ ಹಿಂಬದಿ ಬಿಚ್ಚಿದೆ. ಕೆಂಪು ತಂತಿಯನ್ನು ಕಪ್ಪಿನ ಜಾಗಕ್ಕೆ, ಕಪ್ಪನ್ನು ಕೆಂಪಿನ ಜಾಗಕ್ಕೆ ಸಿಕ್ಕಿಸಿ, ಮತ್ತೆ ಸ್ಕ್ರೂ ಬಿಗಿದೆ. ಹಾಡು ಕೆಡುತ್ತದೆ, ತಪ್ಪು ಹುಡುಕಬೇಕಾಗುತ್ತದೆ. ಹುಡುಕುವವಳು ನಾನೇ ತಾನೇ, ಎಷ್ಟು ಬೇಕಾದರೂ ನಿಧಾನವಾಗಿ ಹುಡುಕಬಹುದು. ಏನೂ ಅರಿಯದವಳಂತೆ ಟೀ ಕುಡಿಯುತ್ತ ಕೂತೆ.

ಅವನು ಇಸ್ತ್ರಿ ಶರ್ಟು ಹಾಕಿಕೊಂಡು ಬಂದ. ಪರೀಕ್ಷೆ ಬರೆಯಲು ಬಂದವನ ಹಾಗೆ ಬೆವರುತ್ತಿದ್ದ.

ಅಪ್ಪ ಕುರ್ಚಿಯನ್ನು ನಟ್ಟನಡುವೆ ಹಾಕಿಸಿಕೊಂಡರು. ಮೊದಲು ಮುಂದಿನ ಎರಡು ಸ್ಪೀಕರಿನಲ್ಲಿ ಹಾಡು, ಆಮೇಲೆ ಐದರಲ್ಲೂ ಸಿನಿಮಾ. ನಾನು ಗುಂಡಿ ಒತ್ತಿದೆ.

ತಬಲಾ ಗುಮ್ಮೆಂದಿತು. ಹಾಡುವವಳ ದನಿ ಟೀವಿಯ ಮೇಲೆ, ಸರಿಯಾಗಿ ಮಧ್ಯದಲ್ಲಿ ಬಂದು ನಿಂತಿತು. ಅವಳು ಉಸಿರೆಳೆದುಕೊಂಡದ್ದೂ ಕೇಳಿಸಿತು.

"ಅಯ್ಯೋ, ಆಕೆ ನಮ್ಮ ಹಾಲಿಗೇ ಬಂದು ಹಾಡ್ತಿದ್ದಾಳಲ್ಲೇ!" ಅಪ್ಪ ತೊಡೆ ತಟ್ಟಿದರು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿ, "ಯಾಕ್ರೋ ಇಬ್ಬರೂ ಇಂಗು ತಿಂದ ಮಂಗನ ಥರ ನಿಂತಿದ್ದೀರಾ?" ಎಂದರು.

"ಇದು ಹೀಗೆ ಬರಬಾರದಿತ್ತು," ಎಂದೆ ನಾನು.

"ಇದು ಹೀಗೆ ಬರಬಾರದಿತ್ತು," ಎಂದ ಅವನೂ, ಅದೇ ಹೊತ್ತಿಗೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಈ ಸಲ ಅವನು ಫ್ಯಾನ್ ನೋಡಲಿಲ್ಲ.

"ನೀವು ಯಾಕೆ ಹಾಗಂದ್ರಿ?" ಎಂದೆ.

ಅವನ ಕಿವಿ ಕೆಂಪಾಯಿತು. "ನಿನ್ನೆ ನೀವು ಟೀ ತರೋಕೆ ಒಳಗೆ ಹೋದಾಗ... ಎಡಗಡೆದರ ತಂತಿ ತಿರುಗಿಸಿ ಹಾಕಿದೆ."

ನನಗೆ ನಗು ಉಕ್ಕಿ ಬಂತು, ಅದರ ಹಿಂದೆಯೇ ಅಳುವೂ ಬಂತು. "ನಾನು ಬೆಳಿಗ್ಗೆ ಬಲಗಡೆದನ್ನ ತಿರುಗಿಸಿದೆ."

ಒಂದು ತಿರುಗಿದ್ದರೆ ಹಾಡು ಕೆಡುತ್ತಿತ್ತು. ಎರಡೂ ತಿರುಗಿದ್ದರಿಂದ ಎರಡೂ ಒಟ್ಟಿಗೆ ಹೊರಗೆ, ಒಟ್ಟಿಗೆ ಒಳಗೆ.

"ಅಲ್ಲ, ಚೆನ್ನಾಗಿದ್ದದ್ದನ್ನ ಯಾಕೆ ಕೆಡಿಸೋಕೆ ಹೋದ್ರಿ?" ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ.

"ಕೆಲಸ ಮುಗಿಯಬಾರದು ಅಂತ," ಎಂದ ಅವನು, ನೆಲ ನೋಡುತ್ತ.

"ಅದೇ, ಯಾಕೆ ಮುಗಿಯಬಾರದು?"

ಅಡುಗೆಮನೆಯಿಂದ ಅಮ್ಮ ಕೂಗಿದಳು. "ಮಂಡಿ ಹೋಯ್ತು ಸರಿ, ಕಣ್ಣೂ ಹೋಯ್ತಾ ನಿಮಗೆ? ಎದ್ದು ಬನ್ನಿ ಈಚೆಗೆ!"

"ಹಾಡು ಮುಗೀಲಿ ಕಣೇ..."

"ಹಾಡು ಎಲ್ಲೂ ಓಡಿಹೋಗಲ್ಲ, ಬನ್ನಿ!"

ಅಪ್ಪ ನಮ್ಮಿಬ್ಬರ ಮುಖವನ್ನೂ ಇನ್ನೊಮ್ಮೆ ನೋಡಿ, "ಓಹೋ" ಎಂದು ಎಳೆದು, ಕುಂಟುತ್ತ ಒಳಗೆ ಹೋದರು. ಹಾಡು ನಡೆದೇ ಇತ್ತು.

"ಹೋಗಬೇಡಿ ಅಂತ ಒಂದು ಮಾತು ಹೇಳಿದ್ರೆ ಸಾಕಾಗಿತ್ತು," ಎಂದ.

"ನಿಮ್ಮ ಬಾಯಿಗೇನಾಗಿತ್ತು?"

"ಅಳತೆ ಗೊತ್ತಿಲ್ಲದೆ ನಾನು ಏನನ್ನೂ ಕತ್ತರಿಸಲ್ಲ. ನಿಮ್ಮ ಮನಸ್ಸಿನ ಅಳತೆ ಸಿಕ್ಕಿರಲಿಲ್ಲ."

"ಹೋಗಬೇಡ," ಎಂದೆ. "ಈಗ ಸಿಕ್ಕಿತಾ?"

ಅವನು ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದು ಜೇಬಿಗಿಟ್ಟುಕೊಂಡ. "ಸಿಕ್ಕಿತು. ಹೋಟೆಲಿಗೆ ಬೇರೆಯವರನ್ನ ಕಳಿಸಿ ಅಂತ ಓನರ್‌ಗೆ ಹೇಳ್ತೀನಿ. ಎರಡು ದಿನ ಬೈತಾರೆ. ನಿನ್ನ ಬೈಗುಳ ಕೇಳಿದವನಿಗೆ ಅದ್ಯಾವ ಲೆಕ್ಕ?"

ಅವನ ಬಾಯಲ್ಲಿ ಆ 'ನಿನ್ನ' ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ, ಬೈಯುವುದೇ ಮರೆತುಹೋಯಿತು.

ಐದೂ ಸ್ಪೀಕರ್ ಒಟ್ಟಿಗೆ ಹಾಡಬೇಕಾದರೆ ಎಲ್ಲದರ ತಂತಿಯೂ ಒಂದೇ ಥರ ಇರಬೇಕು. ಸಂಜೆ ಅವನು ಸ್ಕ್ರೂಡ್ರೈವರ್ ಹಿಡಿದು ಎಡಗಡೆಯ ಡಬ್ಬಿಯ ಮುಂದೆ ಕೂತ.

"ಅದನ್ನ ಮುಟ್ಟಬೇಡ," ಎಂದೆ. "ಈ ಎರಡು ಹೀಗೇ ಇರಲಿ. ಉಳಿದ ಮೂರನ್ನ ಇವುಗಳ ಹಾಗೆ ತಿರುಗಿಸೋಣ."

"ಅದು ಹೆಚ್ಚು ಕೆಲಸ ಅಲ್ವಾ?"

"ಹೌದು," ಎಂದೆ.

ಅವನು ನಕ್ಕು, ನಡುವಿನ ಡಬ್ಬಿಯನ್ನು ಎಳೆದುಕೊಂಡು ಬಂದು ನನ್ನ ಪಕ್ಕದಲ್ಲಿ ಕೂತ. ಆ ಸಂಜೆ ಮೂರರಲ್ಲಿ ಒಂದೂ ಮುಗಿಯಲಿಲ್ಲ.