ಖಾಲಿ ಮೇಣದ ಬಿಲ್ಲೆ

ಮಂಗಳವಾರ ಬೆಳಿಗ್ಗೆ 10.20ಕ್ಕೆ ಆಸ್ಪತ್ರೆ ಲ್ಯಾಬಿನ ಮುಖ್ಯ ಡಾಕ್ಟರಮ್ಮ ಠಾಣೆಗೆ ಬಂದು ದೂರು ಕೊಟ್ಟರು. ಮೇಣದ ಬಿಲ್ಲೆಯಲ್ಲಿ ಹುದುಗಿಸಿಟ್ಟಿದ್ದ ಗಡ್ಡೆಯ ಚೂರೊಂದು ಕಳುವಾಗಿತ್ತು.

"ಎಲ್ಲಿನ ಗಡ್ಡೆ?" ಎಂದು ಇನ್‌ಸ್ಪೆಕ್ಟರ್ ಕೇಳಿದ.

"ಶಿಶ್ನದ್ದು. ಅಪರೂಪದ ಕ್ಯಾನ್ಸರ್."

ಎಫ್‌ಐಆರ್ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್‌ನ ಪೆನ್ನು ನಿಂತಿತು. "ಸಾರ್, ಕೆಳಗಿನ ಭಾಗ ಅಂತ ಬರೀಲಾ?"

"ಕಾಲೂ ಕೆಳಗೇ ಇದೆ ಕಣಯ್ಯ. ಡಾಕ್ಟರು ಹೇಳಿದ್ದನ್ನೇ ಬರಿ." ಹಾಗೆಂದರೂ ಅವನ ಕಣ್ಣು ಕಿಟಕಿಯ ಕಡೆಗಿತ್ತು.

ಆ ಚೂರಿನಲ್ಲಿ ಒಂದು ಪ್ರೋಟೀನಿನ ಗುರುತು ಹುಡುಕಬೇಕಿತ್ತು. ಸಿಕ್ಕರೆ ಗಡ್ಡೆಯ ಹಿಂದೆ ವೈರಸ್ ಇದೆಯೆಂದು ಅರ್ಥ. ಚಿಕಿತ್ಸೆಯ ತೀರ್ಮಾನ ಅದನ್ನು ನೋಡಿಯೇ. "ಉಳಿದಿದ್ದು ಅದೊಂದೇ. ಶುಕ್ರವಾರದೊಳಗೆ ಸಿಗದಿದ್ರೆ ಆ ಮನುಷ್ಯನಿಗೆ ಮತ್ತೆ ಕತ್ತರಿ," ಎಂದರು ಡಾಕ್ಟರಮ್ಮ. ಚೂರು ದೂರದ ಊರಿನಿಂದ ಬಂದದ್ದು. ರೋಗಿಯ ಹೆಸರಿಲ್ಲ, ನಂಬರು ಮಾತ್ರ.

11.45ಕ್ಕೆ ಲ್ಯಾಬಿನಲ್ಲಿ ಪಂಚನಾಮೆ. ಬೀಗ ಮುರಿದಿರಲಿಲ್ಲ. ಚೂರಿದ್ದ ಜಾಗದಲ್ಲಿ ಅದೇ ನಂಬರಿನ ಬರೀ ಮೇಣದ ಬಿಲ್ಲೆ ಕೂತಿತ್ತು. ಲ್ಯಾಬಿನ ಹುಡುಗಿ ಅದನ್ನು ತಿರುಗಿಸಿ ನೋಡಿ, "ಅಂಚನ್ನ ಇಷ್ಟು ನೀಟಾಗಿ ಕೆರೆಯೋದು ನಮ್ಮಣ್ಣ ಒಬ್ರೇ..." ಎಂದವಳು ನಾಲಿಗೆ ಕಚ್ಚಿಕೊಂಡಳು.

ಅವಳು ಅಣ್ಣ ಎಂದದ್ದು ಇಪ್ಪತ್ತೆರಡು ವರ್ಷ ಸರ್ವೀಸಿನ ಹಿರಿಯ ಟೆಕ್ನೀಶಿಯನ್‌ನನ್ನು. ಕಳ್ಳತನದಲ್ಲೂ ಅವನ ಕೈ ಒಡ್ಡೊಡ್ಡಾಗಿ ಕೆಲಸ ಮಾಡಲು ಒಪ್ಪಿರಲಿಲ್ಲ. ಮಧ್ಯಾಹ್ನ 2.10ಕ್ಕೆ ಡಾಕ್ಟರಮ್ಮನ ಎದುರೇ ವಿಚಾರಣೆ.

"ಎಲ್ಲಿದೆ?"

"ಮನೇಲಿ. ಫ್ರಿಜ್ಜಲ್ಲಿ."

"ಎಸೀಬಹುದಿತ್ತಲ್ಲ?"

"ರೋಗಿ ಚೂರನ್ನ ಎಸೆದು ಅಭ್ಯಾಸ ಇಲ್ಲ ಸಾರ್."

"ಯಾರು ಆ ರೋಗಿ?"

ಅವನು ತನ್ನ ಚಪ್ಪಲಿಗೆ ಹೇಳುವಂತೆ ಹೇಳಿದ: "ನಾನೇ."

ಯಾರ ಕಣ್ಣಿಗೂ ಬೀಳಬಾರದೆಂದು ದೂರದ ಊರಿಗೆ ಹೋಗಿದ್ದ. ಬೇಡವೆಂದರೂ ಅಲ್ಲಿನ ಡಾಕ್ಟರು ಚೂರನ್ನು ಪರೀಕ್ಷೆಗೆ ಕಳಿಸಿದ್ದರು. ಅದು ಸುತ್ತಿ ಬಳಸಿ ಅವನ ಮೇಜಿಗೇ ಬಂದಿತ್ತು; ತನ್ನ ಚೀಟಿಯಲ್ಲಿದ್ದ ನಂಬರಿನಿಂದ ಗುರುತು ಹಿಡಿದಿದ್ದ.

"ನಂಬರಿನ ಹಿಂದಿರೋ ಹೆಸರು ಒಂದಿನ ಹೊರಬೀಳುತ್ತೆ. ವೈರಸ್ ಅಂದ್ರೆ ಎಲ್ಲಿಂದ ಬಂತು ಅಂತಾರೆ. ಅಣ್ಣಾ ಅನ್ನೋ ಹುಡುಗೀನೇ ರಿಪೋರ್ಟು ನೋಡ್ತಾಳೆ. ಮದುವೆಗೆ ಮುಂಚೆ ಒಂದ್ಸಲ..."

"ಅದು ಕೇಸಿಗೆ ಬೇಡ," ಎಂದು ಇನ್‌ಸ್ಪೆಕ್ಟರ್ ತಡೆದ. ಕೇಳಿಸಿಕೊಂಡಷ್ಟಕ್ಕೇ ಅವನ ಕಿವಿ ಬಿಸಿಯಾಗಿತ್ತು.

"ವೈರಸ್ ಇರೋ ಗಡ್ಡೆ ಎಷ್ಟೋ ಸಲ ಚಿಕಿತ್ಸೆಗೆ ಬೇಗ ಬಗ್ಗುತ್ತೆ," ಡಾಕ್ಟರಮ್ಮನ ದನಿ ಏರಿತು. "ಇದು ನಿನಗೆ ಗೊತ್ತಿಲ್ವೇನಯ್ಯ?"

"ಬೇರೆಯವರಿಗಾದ್ರೆ ಗೊತ್ತು ಮೇಡಂ."

4.30ಕ್ಕೆ ಅವನ ಮನೆಯಲ್ಲಿ, ಫ್ರಿಜ್ಜಿನ ಬೆಣ್ಣೆ ಡಬ್ಬಿಯ ಹಿಂದೆ, ಬಿಲ್ಲೆ ಸಿಕ್ಕಿತು. ಹೆಂಡತಿ ಏನು ಎತ್ತ ಎಂದು ಕೇಳಲಿಲ್ಲ. ಗಂಡ ಜೀಪು ಹತ್ತಿದ ಮೇಲೆ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದಳು: "ಮೂರು ತಿಂಗಳಿಂದ ಒಳಬಟ್ಟೆ ತಾವೇ ಒಗೆದುಕೊಳ್ತಿದ್ರು ಸಾರ್. ಕೇಳಿದ್ರೆ ನೊಂದ್ಕೋತಾರೆ ಅಂತ ಸುಮ್ಮನಿದ್ದೆ. ಕೇಳಬೇಕಿತ್ತು, ಅಲ್ವಾ?"

ಇನ್‌ಸ್ಪೆಕ್ಟರ್ ಟೋಪಿ ಸರಿಮಾಡಿಕೊಂಡು ಜೀಪಿನ ಕಡೆ ನಡೆದ.

5.15ಕ್ಕೆ ಬಂಧನ ದಾಖಲಾಯಿತು. ಬಿಲ್ಲೆ ಲ್ಯಾಬಿಗೆ ಮರಳಿತು. ಕೃತ್ಯದ ಕಾರಣವೆಂದು ಹೆಡ್ ಕಾನ್‌ಸ್ಟೆಬಲ್ 'ದುರುದ್ದೇಶ' ಎಂದು ಬರೆದಿದ್ದ. ಇನ್‌ಸ್ಪೆಕ್ಟರ್ ಅದನ್ನು ಹೊಡೆದುಹಾಕಿ ಮೇಲೆ ಬರೆದ: ಮಾನಕ್ಕೆ ಅಂಜಿ.